ಪದವೀಧರರೂ ಪ್ರಥಮೋದ್ಯೋಗವೂ

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ವಾಚಕರೆಲ್ಲರೂ ಬಲ್ಲರು. ಇಂಜಿನಿಯರಿಂಗ್ ಪದವಿಯನ್ನು ಪಡೆದು, ಸಾಫ್ಟ್‌ವೇರ್ ಕೆಲಸವನ್ನರಸುತ್ತ ಬೆಂಗಳೂರಿಗೆ ಬರುವ ನಮ್ಮ ತರುಣ ತರುಣಿಯರ ಸ್ಥಿತಿಯು ಈಗ ಹೀಗೆಯೇ ಆಗಿರುವುದು. ಅನುಭವವಿಲ್ಲದವರಿಗೆ ಕೆಲಸವಿಲ್ಲ; ಕೆಲಸವಿಲ್ಲದವರಿಗೆ ಅನುಭವವು ಬರುವ ಬಗೆಯಿಲ್ಲ. ಹೊಸಬರಿಗಾಗಿ ಎಂದು ಹೊರಡಿಸಿದ ಜಾಹಿರಾತಿನ ಕೆಳಗಡೆಯೇ ಎರಡು ವರ್ಷಗಳ ಅನುಭವವು ಬೇಕೆಂದು ಬರೆದಿರುವುದನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಈ ಸ್ಥಿತಿಯು ಅಕಾರಣವಾಗಿ ಒದಗಿದುದಲ್ಲ. ೨೦೨೧ ಮತ್ತು ೨೦೨೨ರಲ್ಲಿ ಪರದೇಶದ ಗಿರಾಕಿಗಳ ಕೆಲಸವು ತುಂಬಿ ಬಂದುದರಿಂದ ದೊಡ್ಡ ಕಂಪೆನಿಗಳು ತಾವಾಗಿ ಕಾಲೇಜುಗಳ ಬಾಗಿಲಿಗೆ ಬಂದು ಲಕ್ಷಗಟ್ಟಲೆ ಹೊಸಬರನ್ನು ಆರಿಸಿಕೊಂಡುವು. ಸ್ವಲ್ಪ ಕಾಲದಲ್ಲಿಯೇ ಆ ಪ್ರವಾಹವು ಇಳಿಯಿತು. ಕೈಗೆ ಬಂದ ನೇಮಕಾತಿ ಪತ್ರಗಳು ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಬರಿಯ ಕಾಗದಗಳಾಗಿಯೇ ಉಳಿದುವು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯು ಕಾಣಿಸಿಕೊಂಡ ತರುವಾಯ, ಚಿಕ್ಕ ಪ್ರೋಗ್ರಾಮುಗಳನ್ನು ಬರೆಯುವುದು, ಅವುಗಳಲ್ಲಿನ ದೋಷಗಳನ್ನು ಹುಡುಕುವುದು ಮೊದಲಾದ, ಹೊಸಬನು ಕೈಪಳಗಿಸಿಕೊಳ್ಳುತ್ತಿದ್ದ ಕೆಲಸಗಳು ಯಂತ್ರದಿಂದಲೇ ಆಗತೊಡಗಿದುವು.

ಕಾಲೇಜುಗಳಿಂದ ಬರುವವರಿಗೆ ಕೆಲಸವೇ ತಿಳಿಯದೆಂದು ಕಂಪೆನಿಗಳವರು ಹೇಳುತ್ತಾರೆ. ಇದು ಪೂರ್ಣವಾಗಿ ಸುಳ್ಳೆಂದು ನಾವು ಹೇಳಲಾರೆವು. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಂಡು ತಂದು ಒಪ್ಪಿಸುವ ವಿದ್ಯಾರ್ಥಿಗಳೂ, ಕಂಡೂ ಕಾಣದಂತಿರುವ ಅಧ್ಯಾಪಕರೂ ನಮ್ಮಲ್ಲಿ ಇಲ್ಲವೆ? ಆದರೆ ಕಾಲೇಜು ಎಂದಾದರೂ ಪಳಗಿದ ಕೆಲಸಗಾರನನ್ನು ಹೊರಡಿಸಿತೆ? ಬೆಂಗಳೂರಿನಲ್ಲಿ ೧೯೪೦ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ೧೯೪೮ರಲ್ಲಿ ಐ.ಟಿ.ಐ., ೧೯೫೪ರಲ್ಲಿ ಬಿ.ಇ.ಎಲ್. ಸ್ಥಾಪಿತವಾದಾಗ, ವಿಮಾನವನ್ನೋ ಟೆಲಿಫೋನನ್ನೋ ಮಾಡಬಲ್ಲ ಕೈಗಳು ಊರಿನಲ್ಲಿ ಸಿದ್ಧವಾಗಿದ್ದುವೆ? ಕಲಿಯಬಲ್ಲವರನ್ನು ಒಳಗೆ ಸೇರಿಸಿಕೊಂಡು ಕಲಿಸಿದುದರಿಂದಲೇ ಆ ಕೈಗಳು ಉಂಟಾದುವು. ಸಾಫ್ಟ್‌ವೇರ್ ಕಂಪೆನಿಗಳೂ ಸಿವಿಲ್, ಮೆಕ್ಯಾನಿಕಲ್ ಓದಿದವರನ್ನು ಸಹ ತೆಗೆದುಕೊಂಡು, ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸಿಯೇ ಬೆಳೆದುವು. ಅಂದು ಸಾಧ್ಯವಾದುದು ಇಂದು ಸರ್ವಥಾ ಅಸಾಧ್ಯವೆಂಬುದನ್ನು ನಾವು ಒಪ್ಪೆವು.

ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ೧೯೬೧ರ ಅಪ್ರೆಂಟಿಸ್ ಕಾನೂನು ೧೯೭೩ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರಿಗೂ ಅನ್ವಯಿಸಿತು. ೨೦೧೯ರಲ್ಲಿ ಬದಲಾದ ನಿಯಮಗಳ ಪ್ರಕಾರ ೩೦ ಮಂದಿ ಮತ್ತು ಅದಕ್ಕೆ ಮೇಲ್ಪಟ್ಟ ಕೆಲಸಗಾರರುಳ್ಳ ಸಂಸ್ಥೆಯು ತನ್ನ ಸಿಬ್ಬಂದಿಯ ನೂರಕ್ಕೆ ೨.೫ರಿಂದ ೧೫ರವರೆಗೆ ಅಪ್ರೆಂಟಿಸರನ್ನು ಇಟ್ಟುಕೊಳ್ಳತಕ್ಕದ್ದು. ಪದವೀಧರನಿಗೆ ತಿಂಗಳಿಗೆ ಕನಿಷ್ಠ ೯,೦೦೦ ರೂಪಾಯಿಯೆಂದು ಆಗ ಗೊತ್ತುಮಾಡಲಾಯಿತು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಈ ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರವೇ ತುಂಬಿಕೊಡುವುದುಂಟು. ಬೆಂಗಳೂರಿನ ಬಾಡಿಗೆಗೂ ಊಟಕ್ಕೂ ಆ ಒಂಬತ್ತು ಸಾವಿರವು ಸಾಲದೆಂಬುದು ನಿಜ. ನಮ್ಮ ರಾಜ್ಯ ಸರ್ಕಾರವು ೨೦೨೪ರ ಜನವರಿಯಲ್ಲಿ ಆರಂಭಿಸಿದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ ೩,೦೦೦ ರೂಪಾಯಿಯನ್ನು ಎರಡು ವರ್ಷಗಳವರೆಗೆ ಕೊಡುವ ಏರ್ಪಾಡಾಯಿತು. ಹಸಿದವನಿಗೆ ಅದು ಆಸರೆಯೇ ಸರಿ. ಆದರೆ ಕಾದು ಕುಳಿತವನಿಗೆ ಕೊಡುವ ಹಣಕ್ಕಿಂತಲೂ ಕೆಲಸ ಕಲಿಯುವವನಿಗೆ ಕೂಡಿಸಿಕೊಡುವ ಹಣವು ಹೆಚ್ಚು ಫಲಪ್ರದವಾಗದೆ? ಸರ್ಕಾರವು ಇದನ್ನು ಪರ್ಯಾಲೋಚಿಸಬೇಕೆಂದೂ, ಕಾನೂನನ್ನು ಎಷ್ಟು ಕಂಪೆನಿಗಳು ಪಾಲಿಸುತ್ತಿವೆಯೆಂಬುದನ್ನು ವರ್ಷೇವರ್ಷೇ ಪ್ರಕಟಿಸಬೇಕೆಂದೂ ನಾವು ಒತ್ತಿ ಹೇಳುವೆವು.

ತರುಣರಿಗೂ ನಮ್ಮದೊಂದು ಮಾತುಂಟು. ಅನುಭವವಿಲ್ಲವೆಂಬ ಒಂದೇ ಕೊರತೆಗೆ ಹೆದರಿ ಸುಳ್ಳು ಅನುಭವ ಪತ್ರವನ್ನು ಹಣ ಕೊಟ್ಟು ಕೊಳ್ಳುವವರಿದ್ದಾರೆ. ಕೆಲಸ ಕೊಡಿಸುವೆವೆಂದು ಠೇವಣಿ ಕೇಳುವವರ ಕೈಗೆ, ತಂದೆಯು ಹೊಲವನ್ನು ಅಡವಿಟ್ಟು ತಂದ ಹಣವನ್ನು ಹಾಕುವವರೂ ಇದ್ದಾರೆ. ಕೆಲಸ ಕೊಡುವವನು ಹಣ ಕೇಳುವುದಿಲ್ಲ. ಕೇಳಿದವನು ಕೆಲಸ ಕೊಡುವುದಿಲ್ಲ. ಸುಳ್ಳು ಪತ್ರವು ಇಂದಲ್ಲ ನಾಳೆ ವಿಚಾರಣೆಯಲ್ಲಿ ಬಯಲಾಗಿ, ಸಿಕ್ಕಿದ ಕೆಲಸವನ್ನೂ ಹೆಸರನ್ನೂ ಒಟ್ಟಿಗೆ ಕಳೆಯುವುದು. ಅದಕ್ಕೆ ಬದಲಾಗಿ ತನ್ನ ಊರಿನ ಸಹಕಾರ ಸಂಘದ ಲೆಕ್ಕಕ್ಕೋ ವಾಚನಾಲಯದ ಪುಸ್ತಕಗಳ ಪಟ್ಟಿಗೋ ಕನ್ನಡದಲ್ಲಿ ನಡೆಯುವ ಒಂದು ಚಿಕ್ಕ ತಂತ್ರಾಂಶವನ್ನು ಸ್ವಂತ ಕೈಯಿಂದ ಮಾಡಿ ತೋರಿಸಿದವನು, ಸಂದರ್ಶಕನ ಮುಂದೆ ಬರಿಗೈಯಲ್ಲಿ ಕುಳಿತುಕೊಳ್ಳಬೇಕಾಗಿಲ್ಲ. ಯಂತ್ರವು ಬರೆದುಕೊಟ್ಟುದರಲ್ಲಿ ತಪ್ಪೆಲ್ಲಿ ಎಂಬುದನ್ನು ಹೇಳಬಲ್ಲವನಿಗೆ ಯಂತ್ರದ ಭಯವೂ ಕಡಮೆ.

ಕಂಪೆನಿಗಳ ಒಡೆಯರಿಗೆ ನಾವು ಕಡೆಯದಾಗಿ ಹೇಳಬೇಕೆಂದಿರುವುದು ಇಷ್ಟೆ. ಇಂದಿನ ಅನುಭವಿಗಳೆಲ್ಲರೂ ಒಂದು ದಿನ ಏನೂ ತಿಳಿಯದೆ ಒಳಗೆ ಬಂದವರೇ. ಅವರಿಗೆ ಯಾರೋ ಬಾಗಿಲು ತೆರೆದರು, ಯಾರೋ ಬಳಿಯಲ್ಲಿ ಕುಳ್ಳಿರಿಸಿಕೊಂಡು ಕಲಿಸಿದರು. ಈ ವರ್ಷ ಬಿತ್ತದೆ ಹತ್ತು ವರ್ಷಗಳ ತರುವಾಯ ಕೊಯ್ಲಿಗೆ ಕುಡುಗೋಲು ಹಿಡಿದು ಬಂದರೆ ಹೊಲದಲ್ಲಿ ಏನಿದ್ದೀತು?