ತಲೆಕೆಳಗಾದರೂ ಬೀಳದಿರುವುದೇಕೆ?

ಮಗನೋ, ಅಳಿಯನೋ, ನೆರೆಮನೆಯ ಹುಡುಗನೋ ಕೊಲ್ಲಿನಾಡಿನಲ್ಲಿ ಕೆಲಸದಲ್ಲಿದ್ದರೆ ಅವನ ಪಟವೊಂದು ಒಂದಲ್ಲ ಒಂದು ದಿನ ನಿಮ್ಮ ಕೈಗೆ ಬಂದೇ ಬರುತ್ತದೆ. ಹತ್ತು ಹನ್ನೆರಡು ಜನ ಒಂದೇ ಬಂಡಿಯಲ್ಲಿ ಸಾಲಾಗಿ ಕುಳಿತಿದ್ದಾರೆ. ಬಂಡಿ ತಲೆಕೆಳಗಾಗಿದೆ, ಎಲ್ಲರ ಬಾಯಿಯೂ ತೆರೆದಿದೆ. "ನಮ್ಮ ವರ್ಕ್‌ಶಾಪಿನವರೆಲ್ಲ ರಜೆಯ ದಿನ ಪಾರ್ಕಿಗೆ ಹೋಗಿದ್ದೆವು" ಎಂದು ಕೆಳಗೆ ಒಂದು ಸಾಲು ಬರೆದಿರುತ್ತಾನೆ. ಅಮ್ಮ ಅದನ್ನು ನೋಡಿ, "ಅಯ್ಯೋ, ಇವನು ಬೀಳುವುದಿಲ್ಲವೇ?" ಎನ್ನುತ್ತಾರೆ. ಪ್ರಶ್ನೆ ಸಾಧಾರಣದ್ದೆಂದು ನಕ್ಕುಬಿಡಬೇಡಿ. ಉತ್ತರ ಹೇಳಲು ಹೊರಟರೆ ನಗುವವರೂ ತಡವರಿಸುತ್ತಾರೆ.

ಬಜಪೆಯಿಂದ ದುಬಾಯಿಗೆ ನೇರ ವಿಮಾನ ಹೊರಟದ್ದು 2006ರಲ್ಲಿ. ಅದಕ್ಕೆ ಮೊದಲು ಮುಂಬಯಿಗೋ ಬೇರೆ ಊರಿಗೋ ಹೋಗಿ ವಿಮಾನ ಹತ್ತಬೇಕಿತ್ತು. ಹಾಗೆ ಹೋದವರಿಗೆ ಅಲ್ಲಿ ಮನೆಯೆಂದರೆ ನಾಲ್ಕಾರು ಜನ ಹಂಚಿಕೊಂಡ ಕೋಣೆ, ಬಂಧುಗಳೆಂದರೆ ಜತೆಗೆ ದುಡಿಯುವವರು. ಆದ್ದರಿಂದ ವರ್ಷಕ್ಕೊಮ್ಮೆ ಕೆಲಸದ ತಂಡ ಕೂಡಿ ವಿನೋದವನಕ್ಕೆ ಹೋಗುವ ದಿನವೆಂದರೆ ನಮ್ಮಲ್ಲಿ ಜಾತ್ರೆಗೆ ಹೊರಟ ಹಾಗೆಯೇ ಸರಿ. ಬಿಸಿಲು ಇಳಿದ ತಿಂಗಳುಗಳನ್ನು ನೋಡಿಕೊಂಡು ಹೊರಡುತ್ತಾರೆ. ಬೇಸಗೆಯಲ್ಲಾದರೆ ಮಾಡಿನ ಕೆಳಗೆ ಕಟ್ಟಿದ ಪಾರ್ಕುಗಳೇ ಗತಿ.

ಇಂಥ ಆಟ ಹೊಸದೇನಲ್ಲ. ರೋಮಿನ ಪೀಟ್ರೋ ದೆಲ್ಲ ವಾಲೆ ಎಂಬ ಯಾತ್ರಿಕ 1615ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ, ಅಂದರೆ ಇಂದಿನ ಇಸ್ತಾಂಬುಲಿನಲ್ಲಿ, ರಂಜಾನಿನ ಸಂಭ್ರಮ ಕಂಡ. ಅಲ್ಲಿ ಮೇಲೆ ಕೆಳಗೆ ತಿರುಗುವ ದೊಡ್ಡ ಚಕ್ರವೊಂದಿತ್ತು. ತಾನೂ ಹತ್ತಿ ಕುಳಿತ. ಅವನಿಗೆ ಬಹಳ ಖುಷಿಯಾಯಿತು. ಆದರೆ ಪಕ್ಕದಲ್ಲಿದ್ದ ಗ್ರೀಕನೊಬ್ಬ ತಾಳಲಾರದೆ ಸಾಕು ಸಾಕೆಂದು ಕೂಗಿಕೊಂಡನೆಂದು ಕಾಗದದಲ್ಲಿ ಬರೆದಿದ್ದಾನೆ. ನಮಗೆ ಈ ಮನುಷ್ಯ ಅಪರಿಚಿತನಲ್ಲ. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ತುಗೀಸ್ ರಾಯಭಾರಿಯ ತಂಡದೊಡನೆ ಗೋವೆಯಿಂದ ಬಂದವನು ಇವನೇ. ಅಲ್ಲಿಂದ ಮಂಗಳೂರಿಗಿಳಿದು ಉಳ್ಳಾಲದ ರಾಣಿಯನ್ನು ಕಂಡ, ಕದ್ರಿಗೂ ಹೋಗಿ ಜೋಗಿಗಳ ಅರಸನನ್ನು ಮಾತಾಡಿಸಿದ. ಇಂದು ಕದ್ರಿ ಜಾತ್ರೆಯ ಗದ್ದಲದಲ್ಲಿ ನಿಂತಾಗ, ತಿರುಗುವ ತೊಟ್ಟಿಲನ್ನು ಏರಿ ಅದರ ಸುದ್ದಿ ಬರೆದಿಟ್ಟವನೊಬ್ಬ ನಾಲ್ಕು ನೂರು ವರ್ಷಗಳ ಹಿಂದೆಯೇ ಈ ಗುಡ್ಡ ಹತ್ತಿದ್ದನೆಂಬುದು ನನಗೆ ನೆನಪಾಗುವುದುಂಟು.

ಅವನು ಏರಿದಂಥ ಚಕ್ರ ಕೈಬಲದಿಂದ ತಿರುಗುವಂಥದು. ಉಕ್ಕಿನ ಜೈಂಟ್ ವೀಲನ್ನು ಕಟ್ಟಿದವನು ಜಾರ್ಜ್ ಫೆರಿಸ್ ಎಂಬ ಅಮೆರಿಕದ ಎಂಜಿನಿಯರು. ಸ್ಥಳ ಷಿಕಾಗೋದ ವಸ್ತು ಪ್ರದರ್ಶನ, ವರ್ಷ 1893. ಎತ್ತರ 264 ಅಡಿ, ಕೋಣೆಗಳು 36, ಕೋಣೆಯೊಂದಕ್ಕೆ 60 ಜನ. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಪ್ರದರ್ಶನದ ಅಂಗವಾಗಿಯೇ ನಡೆದದ್ದು. ದುಬಾಯಿಯಲ್ಲಿ 2021ರಲ್ಲಿ ಮೊದಲು ತೆರೆದ ಚಕ್ರಕ್ಕೆ 250 ಮೀಟರು ಎತ್ತರ. ಒಂದು ಸುತ್ತು ಬರಲು ಅರ್ಧ ಗಂಟೆಗೂ ಮಿಕ್ಕಿ ಹೊತ್ತು ಬೇಕು. ಅಷ್ಟು ನಿಧಾನದ್ದರಲ್ಲಿ ಹೆದರಿಕೆ ಎತ್ತರದ್ದು ಮಾತ್ರ, ವೇಗದ್ದಲ್ಲ. ನಮ್ಮ ಜಾತ್ರೆಯ ತೊಟ್ಟಿಲಾದರೋ ಚಿಕ್ಕದು, ಆದರೆ ರಭಸದ್ದು. ಎರಡರಲ್ಲಿಯೂ ಕುಳಿತವನು ತಲೆಕೆಳಗಾಗುವುದಿಲ್ಲ. ಜಾತ್ರೆಯ ತೊಟ್ಟಿಲಿನಲ್ಲಿ ಆಸನ ಮೇಲಿನ ಕೀಲಿನಿಂದ ತೂಗುತ್ತಿರುತ್ತದೆ. ಚಕ್ರ ಹೇಗೇ ತಿರುಗಲಿ, ಭಾರ ಕೆಳಗೇ ಉಳಿಯುತ್ತದೆ, ತೂಗುದೀಪದ ಹಾಗೆ.

ಅಮ್ಮನ ಪ್ರಶ್ನೆ ರೋಲರ್ ಕೋಸ್ಟರನ್ನು ಕುರಿತದ್ದು. ಅದು ಎಂಜಿನ್ನಿಲ್ಲದ ರೈಲು. ಮೊದಲು ಸರಪಳಿಯೊಂದು ಬಂಡಿಯನ್ನು ದಿಬ್ಬದ ತುದಿಗೆ ಎಳೆದೊಯ್ಯುತ್ತದೆ. ಹತ್ತುವಾಗ ಟಕ್ ಟಕ್ ಎಂದು ಕೇಳಿಸುವುದು ಸರಪಳಿಯ ಸದ್ದೆಂದು ತಿಳಿಯುವವರೇ ಬಹಳ. ಅದು ಬಂಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆ ಹಲ್ಲಿಂದ ಹಲ್ಲಿಗೆ ಬೀಳುವ ಸದ್ದು. ತುದಿ ದಾಟಿದ ಮೇಲೆ ಉಳಿದ ಓಟವೆಲ್ಲ ಆ ಎತ್ತರದ ಸಾಲ ತೀರಿಸುವುದು, ಅಷ್ಟೆ. ಐವತ್ತು ಮೀಟರು ಎತ್ತರದಿಂದ ಇಳಿದರೆ ತಳದಲ್ಲಿ ಹೆಚ್ಚೆಂದರೆ ಗಂಟೆಗೆ 113 ಕಿಲೋಮೀಟರು ವೇಗ ಬಂದೀತು. ಅಬುಧಾಬಿಯ ಫೆರಾರಿ ವರ್ಲ್ಡಿನಲ್ಲಿ 2010ರಲ್ಲಿ ಓಡತೊಡಗಿದ ಬಂಡಿ 240 ಕಿಲೋಮೀಟರು ಮುಟ್ಟುತ್ತದಲ್ಲ ಎಂದು ನೀವು ಕೇಳಬಹುದು. ಅದನ್ನು ದಿಬ್ಬದಿಂದ ಬಿಡುವುದಿಲ್ಲ. ಒತ್ತಡದ ಎಣ್ಣೆಯ ಬಲದಿಂದ ಹಗ್ಗ ಸೆಳೆದು, ಸುಮಾರು ಐದು ಸೆಕೆಂಡಿನಲ್ಲಿ, ಕವಣೆಯ ಕಲ್ಲಿನಂತೆ ಎಸೆಯುತ್ತಾರೆ. ಅಷ್ಟೇ ವೇಗ ದಿಬ್ಬದಿಂದಲೇ ಬರಬೇಕೆಂದರೆ ಸುಮಾರು 230 ಮೀಟರು ಎತ್ತರ ಬೇಕಾದೀತು. ಕಣ್ಣಿಗೆ ಹುಳವೋ ಮರಳೋ ಬಡಿಯದಂತೆ ಕುಳಿತವರಿಗೆಲ್ಲ ಕನ್ನಡಕ ತೊಡಿಸುತ್ತಾರೆ.

ಇನ್ನು ತಲೆಕೆಳಗಿನ ವಿಚಾರ. ಇದಕ್ಕೆ ಅರೇಬಿಯಾಕ್ಕೆ ಹೋಗಬೇಕಾಗಿಲ್ಲ. ಒಂದು ಸಣ್ಣ ಬಾಲ್ದಿಯಲ್ಲಿ ಅರ್ಧ ನೀರು ತುಂಬಿ ಅಂಗಳಕ್ಕೆ ಬನ್ನಿ. ಕೈ ನೀಡಿ ಹಿಡಿದು, ತಲೆಯ ಮೇಲಿಂದ ಹಾಯುವಂತೆ ರಭಸದಿಂದ ಸುತ್ತು ತಿರುಗಿಸಿ. ಬಾಲ್ದಿ ಮಗುಚಿದಾಗಲೂ ನೀರು ಚೆಲ್ಲುವುದಿಲ್ಲ. ನೀರು ಬೀಳುತ್ತಿಲ್ಲವೆಂದು ತಿಳಿಯಬೇಡಿ, ಅದು ಬೀಳುತ್ತಲೇ ಇದೆ. ಆದರೆ ಅದು ಬೀಳುವುದಕ್ಕಿಂತ ಬೇಗ ಬಾಲ್ದಿಯೇ ಬಾಗಿ ಕೆಳಗೆ ಬರುತ್ತಿದೆ. ಆದ್ದರಿಂದ ಬಾಲ್ದಿಯ ತಳ ನೀರನ್ನು ಒತ್ತಿಕೊಂಡೇ ಇರುತ್ತದೆ. ಬಂಡಿಯಲ್ಲಿ ಕುಳಿತ ನಿಮ್ಮ ಮಗನನ್ನೂ ಆಸನ ಹೀಗೆಯೇ ಒತ್ತಿಕೊಂಡಿರುತ್ತದೆ. ಎದೆಯ ಮೇಲಿನ ಅಡ್ಡಪಟ್ಟಿ ಬಂಡಿ ಅಕಸ್ಮಾತ್ತಾಗಿ ನಿಧಾನಿಸಿದರೆ ಬೇಕು. ದಿಬ್ಬದ ನೆತ್ತಿಯಲ್ಲಿ ಮೈ ಆಸನದಿಂದ ಮೇಲೇಳುವಾಗ ಇನ್ನೂ ಹೆಚ್ಚಾಗಿ ಬೇಕು. ಬಂಡಿಯೇ ಹಳಿ ಬಿಟ್ಟು ಹಾರದಂತೆ ಚಕ್ರಗಳು ಹಳಿಯ ಮೇಲೆ, ಪಕ್ಕದಲ್ಲಿ, ಅಡಿಯಲ್ಲಿ, ಹೀಗೆ ಮೂರು ಕಡೆಯಿಂದ ಕಚ್ಚಿರುತ್ತವೆ. ಅಡಿಯ ಚಕ್ರಕ್ಕೆ ಜಾನ್ ಮಿಲ್ಲರ್ ಎಂಬ ಅಮೆರಿಕನ್ನನು 1919ರಲ್ಲಿ ಪೇಟೆಂಟ್ ಪಡೆದ.

ತೊಂದರೆ ಇರುವುದು ನೆತ್ತಿಯಲ್ಲಲ್ಲ, ಬುಡದಲ್ಲಿ. ಹಳಿಯನ್ನು ಬಳೆಯಂತೆ ಪೂರ್ಣ ದುಂಡಗೆ ಬಾಗಿಸಿದರೆ, ಮೇಲೆ ಬೀಳದಷ್ಟು ವೇಗ ಬೇಕೆಂದಾಗ ಬುಡದಲ್ಲಿ ಮನುಷ್ಯನಿಗೆ ತನ್ನ ತೂಕದ ಆರು ಪಟ್ಟು ಭಾರವಾದಂತಾಗುತ್ತದೆ. ಅರುವತ್ತು ಕಿಲೋ ಮನುಷ್ಯ ಕ್ಷಣಕಾಲ 360 ಕಿಲೋ! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಇಂಥದೊಂದನ್ನು ಓಡಿಸಿದರು; ಕುತ್ತಿಗೆ ಉಳುಕಿಸಿಕೊಂಡು ಇಳಿದವರೇ ಹೆಚ್ಚು. ಇದಕ್ಕೆ ಪರಿಹಾರವಾಗಿ 1976ರಲ್ಲಿ ವೆರ್ನರ್ ಷ್ಟೆಂಗೆಲ್ ಎಂಬ ಜರ್ಮನ್ ಎಂಜಿನಿಯರು ಕ್ಯಾಲಿಫೋರ್ನಿಯಾದ ಪಾರ್ಕಿಗೆ ತಲೆಕೆಳಗಾದ ಹನಿಯ ಆಕಾರದ ಸುತ್ತನ್ನು ಲೆಕ್ಕ ಹಾಕಿಕೊಟ್ಟರು. ಅದು ಬುಡದಲ್ಲಿ ಅಗಲ, ನೆತ್ತಿಯಲ್ಲಿ ಬಿಗಿ. ನಿಮಗೆ ಬಂದ ಪಟವನ್ನು ಮತ್ತೊಮ್ಮೆ ನೋಡಿ, ಹಳಿ ದುಂಡಗಿರುವುದಿಲ್ಲ.

ಭಾರ ಹೆಚ್ಚಿದ ಆ ಕ್ಷಣದಲ್ಲಿ ರಕ್ತವೂ ಭಾರವಾಗಿ ಕಾಲಿನ ಕಡೆಗೆ ಇಳಿಯುತ್ತದೆ; ಹೃದಯ ಅದನ್ನು ಮೆದುಳಿಗೆ ಎತ್ತಿ ಹಾಕಬೇಕು. ಗಟ್ಟಿ ಹೃದಯಕ್ಕೆ ಅದು ಆಟ. ಹೃದಯದ ಕಾಯಿಲೆಯವರು, ರಕ್ತದೊತ್ತಡ ಹೆಚ್ಚಿರುವವರು, ಬಸುರಿಯರು, ಕುತ್ತಿಗೆ ಬೆನ್ನಿನ ನೋವಿನವರು, ಈಚೆಗೆ ಆಪರೇಷನ್ ಆದವರು ಹತ್ತಬಾರದೆಂದು ಬಾಗಿಲಲ್ಲೇ ಫಲಕ ಹಾಕಿರುವುದು ಇದಕ್ಕಾಗಿ. ವಾಂತಿಯ ವಿಷಯ ಬೇರೆ. ಕಿವಿಯೊಳಗೆ ತೋಲ ಅಳೆಯುವ ದ್ರವವೊಂದುಂಟು. ಅದು ಹೇಳುವುದೂ ಕಣ್ಣು ಹೇಳುವುದೂ ತಾಳೆಯಾಗದಿದ್ದರೆ ಹೊಟ್ಟೆ ತೊಳಸುತ್ತದೆ. ಶಿರಾಡಿ ಘಾಟಿಯ ಬಸ್ಸಿನಲ್ಲಿ ಆಗುವುದೂ ಇದೇ. ದೃಷ್ಟಿ ಮುಂದಿಟ್ಟು ಕುಳಿತರೆ ಕೊಂಚ ವಾಸಿ. ಬಿರಿಯಾನಿ ಉಂಡು ನೇರವಾಗಿ ಹೋಗಿ ಕುಳಿತವರಿಗೆ ಯಾವ ಉಪಾಯವೂ ನಾಟುವುದಿಲ್ಲ.

ಫಲಕವನ್ನು ಓದದವರಿಲ್ಲ. ಓದಿಯೂ ಹತ್ತುವವರಿದ್ದಾರೆ, ಮತ್ತು ಅದು ಕೆಲಸದ ತಂಡದೊಡನೆ ಹೋದಾಗಲೇ ಹೆಚ್ಚು. ಸುರತ್ಕಲ್ ಕಡೆಯ, ನನ್ನ ಪರಿಚಯದ ಫಿಟ್ಟರೊಬ್ಬರು ದಿನಾ ರಕ್ತದೊತ್ತಡದ ಗುಳಿಗೆ ನುಂಗುವವರು. ಜತೆಯವರಿಗೆ ಅದನ್ನು ಹೇಳಿರಲಿಲ್ಲ. ತಿಳಿದರೆ ಎತ್ತರದ ಕೆಲಸಕ್ಕೆ ಕರೆಯಲಿಕ್ಕಿಲ್ಲ, ಕರಾರು ಮುಗಿದಾಗ ಮತ್ತೆ ಬರೆಯಲಿಕ್ಕಿಲ್ಲ ಎಂಬ ಭಯ. ಊರಿನಲ್ಲಿ ಇಬ್ಬರು ಹೆಣ್ಣುಮಕ್ಕಳ ಓದು ನಡೆದಿತ್ತು. ಪಾರ್ಕಿನಲ್ಲಿ ಹುಡುಗರು, "ಏನಣ್ಣ, ಹೆದರಿಕೆಯಾ?" ಎಂದರು. ಅವರು ಹತ್ತಿದರು. ಕಣ್ಣು ಕತ್ತಲೆಗೂಡಿ, ಇಳಿದ ಮೇಲೆ ಗೋಡೆಗೊರಗಿ ಬಹಳ ಹೊತ್ತು ಕುಳಿತಿದ್ದರಂತೆ. ಪುಣ್ಯಕ್ಕೆ ಹೆಚ್ಚೇನೂ ಆಗಲಿಲ್ಲ. ಮನೆಗೆ ಕಳಿಸಿದ ಪಟದಲ್ಲಿ ಅವರೂ ಬಾಯಿ ತೆರೆದಿದ್ದಾರೆ. ಮಕ್ಕಳು ಅದನ್ನು ನಗುವೆಂದೇ ತಿಳಿದಿದ್ದರು. ಮರುವರ್ಷ ಅವರು ಮೊದಲೇ, "ನಾನು ಚೀಲ ಕಾಯುತ್ತೇನೆ, ನೀವು ಹೋಗಿ" ಎಂದರು. ಹುಡುಗರು ನಕ್ಕರು; ಪರ್ಸು, ಮೊಬೈಲು, ಚಪ್ಪಲಿಗಳನ್ನೆಲ್ಲ ಅವರ ಮಡಿಲಿಗೆ ತುಂಬಿ ಓಡಿದರು. ಪ್ರತಿ ತಂಡಕ್ಕೂ ಅಂಥವನೊಬ್ಬ ಬೇಕೇ ಬೇಕಷ್ಟೆ.

ನಿಮ್ಮವನು ಮುಂದಿನ ರಜೆಗೆ ಹೊರಡುವ ಮೊದಲು ಫೋನು ಮಾಡಿದರೆ ಒಂದು ಮಾತು ತಿಳಿಸಿ. ಸರದಿಯಲ್ಲಿ ಎರಡು ಗಂಟೆ ನಿಂತು, ಟಿಕೇಟಿಗೆ ದುಡ್ಡು ತೆತ್ತು, ಬಂಡಿಯ ಬಾಗಿಲಿಗೆ ಬಂದ ಮೇಲೆ ಮನಸ್ಸು ಹಿಂಜರಿದರೂ ತಡವಾಗಿಲ್ಲ. ಅಡ್ಡಪಟ್ಟಿ ಬಿಗಿಯುವ ಮೊದಲು ಅಲ್ಲಿ ನಿಂತ ಕೆಲಸಗಾರನಿಗೆ ಕೈಸನ್ನೆ ಮಾಡಿದರೆ ಸಾಕು. ಅವನು ಏನೂ ಕೇಳದೆ ಆಚೆಯ ಬಾಗಿಲಿನಿಂದ ಹೊರಗೆ ಬಿಡುತ್ತಾನೆ. ಸರಪಳಿ ಟಕ್ ಟಕ್ ಎನ್ನತೊಡಗಿದ ಮೇಲೆ ಮಾತ್ರ ಆ ಗ್ರೀಕನಂತೆ ಎಷ್ಟು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ.