ಟೇಪು ಹಿಡಿದು ಬಂದ ಶಿಷ್ಯ

ಹೊಸೂರು ಕಡೆಯ ಪೋಷಕರೇ, ಸಿವಿಲ್ ಡಿಪ್ಲೊಮಾ ಓದಿದರೆ ಕಂಟ್ರಾಕ್ಟರ ಬಳಿ ದುಡಿಯುವುದೊಂದೇ ಗತಿ ಎಂದುಕೊಳ್ಳಬೇಡಿ. ನಗರಸಭೆ, ಮಹಾನಗರಪಾಲಿಕೆಗಳಲ್ಲಿ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಕೆಲಸವೂ ಇದೆ. ಅಂಗಡಿ ಮಳಿಗೆ, ಕಲ್ಯಾಣ ಮಂಟಪಗಳು ಮಂಜೂರಾದ ನಕ್ಷೆಯಂತೆ ಎದ್ದಿವೆಯೇ, ಸುತ್ತ ಜಾಗ ಬಿಟ್ಟಿದ್ದಾರೆಯೇ, ಬೆಂಕಿ ಬಿದ್ದರೆ ಜನ ಇಳಿದು ಬರಲು ದಾರಿ ಇದೆಯೇ ಎಂದು ನೋಡಬೇಕು. ಅದಕ್ಕೆ 2019ರ ಕಟ್ಟಡ ನಿಯಮಗಳಿವೆ. ವರದಿ ತಮಿಳಿನಲ್ಲಿ. ನೇಮಕಾತಿಯ ಕಡ್ಡಾಯ ತಮಿಳು ಪತ್ರಿಕೆಯಲ್ಲಿ ಶೇ. 40 ಅಂಕ ಬೇಕು. ಮನೆಯಲ್ಲಿ ಕನ್ನಡ ಬಿಡಬೇಡಿ, ತಮಿಳಿಗೂ ದಿನಕ್ಕೆ ಅರ್ಧ ಗಂಟೆ ಕೊಡಿ.

ಕನ್ನಡ ಮಾಧ್ಯಮದಲ್ಲೇ ಓದಿದ ನನ್ನ ಶಿಷ್ಯನೊಬ್ಬ ಈ ಕೆಲಸದಲ್ಲಿದ್ದಾನೆ. ನನ್ನ ಭಾವಮೈದುನ ತನ್ನ ಮಳಿಗೆಯ ಹಿಂದಿನ ಮೆಟ್ಟಿಲ ಜಾಗವನ್ನು ಗೋದಾಮು ಮಾಡಿಕೊಂಡಿದ್ದ. "ಭಾವ, ನೀವೊಂದು ಮಾತು ಹೇಳಿ" ಎಂದ. ಹೋದೆ, ಹೋಗಬಾರದಿತ್ತು.

ಹುಡುಗ ಕುರ್ಚಿ ಹಾಕಿ ಕಾಫಿ ತರಿಸಿದ. "ಸಾರ್, 2004ರಲ್ಲಿ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಬೆಂಕಿಗೆ ಸಿಕ್ಕಿ ಸತ್ತಾಗ ನಮ್ಮನ್ನೆಲ್ಲ ಮೌನವಾಗಿ ನಿಲ್ಲಿಸಿದ್ದು ನೀವೇ ಅಲ್ಲವೇ?" ಎಂದ.

ನಾನು ಕಾಫಿ ಕುಡಿದು ಎದ್ದೆ. ಮೂಟೆಗಳೆಲ್ಲ ತೆರವಾದ ಮೇಲೆ ಬಂದು, ಮೆಟ್ಟಿಲನ್ನು ಮತ್ತೆ ಅಳೆದು, ಆಮೇಲೆ ಸಹಿ ಹಾಕಿದ.