ಕಿತ್ತ ಹಲ್ಲಿನಿಂದ ಹೊಸ ಹಲ್ಲು ಬೆಳೆದೀತೇ?

ದಿಲ್‌ಸುಖ್‌ನಗರದ ಹಲ್ಲಿನ ವೈದ್ಯರಿಗೆ ಬುದ್ಧಿಹಲ್ಲಿನ ಕೊರತೆ ಎಂದೂ ಇಲ್ಲ. ಮುಖ್ಯರಸ್ತೆಯುದ್ದಕ್ಕೂ ಕೋಚಿಂಗ್ ಸೆಂಟರುಗಳು, ಹಿಂದಿನ ಗಲ್ಲಿಗಳಲ್ಲಿ ಹಾಸ್ಟೆಲ್ಲುಗಳು. ಅಲ್ಲಿರುವವರಲ್ಲಿ ಹೆಚ್ಚಿನವರು 17ರಿಂದ 25ರೊಳಗಿನವರು. ದವಡೆಯಲ್ಲಿ ಜಾಗ ಸಾಲದೆ ಬುದ್ಧಿಹಲ್ಲು ಅಡ್ಡಡ್ಡ ಬಂದು ಕಾಡುವ ವಯಸ್ಸೂ ಅದೇ. ರಾಯಚೂರು, ಕಲಬುರಗಿ, ಬೀದರ್ ಕಡೆಯ ಹುಡುಗರು ನಾನೂ ಕನ್ನಡದವನೆಂದು ತಿಳಿದ ಮೇಲೆ ಧೈರ್ಯವಾಗಿ ಬಾಯಿ ತೆರೆಯುತ್ತಾರೆ. ಈಚೆಗೆ ಹಲ್ಲು ಕಿತ್ತಾದ ಮೇಲೆ ಕೆಲವರು ಕೇಳುವುದುಂಟು: “ಸರ್, ಇದನ್ನ ಬ್ಯಾಂಕಿನ್ಯಾಗ ಇಟ್ರ ಮುಂದ ಹೊಸ ಹಲ್ಲು ಬೆಳಸ್ತಾರಂತಲ್ರೀ?”

ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಇದು. 2000ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಇಂಥ ಕಿತ್ತ ಬುದ್ಧಿಹಲ್ಲುಗಳ ತಿರುಳಿನಲ್ಲೇ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು ಕಂಡರು. 2003ರಲ್ಲಿ ಉದುರಿದ ಹಾಲುಹಲ್ಲಿನಲ್ಲೂ ಅವು ಸಿಕ್ಕವು. ಆದರೆ ಕೋಶಗಳ ರಾಶಿ ಹಲ್ಲಾಗುವುದಿಲ್ಲ. ಮನೆ ಕಟ್ಟುವಾಗ ಗಾರೆಯವರು ಸಾರವೆ ಕಟ್ಟಿಕೊಳ್ಳುವ ಹಾಗೆ, ಕೋಶಗಳಿಗೂ ಹತ್ತಿ ಕೂತು ಕೆಲಸ ಮಾಡಲು ಒಂದು ಚೌಕಟ್ಟು ಬೇಕು. ವಿಜ್ಞಾನಿಗಳು ಅದನ್ನು ಸ್ಕ್ಯಾಫೋಲ್ಡ್ ಎನ್ನುತ್ತಾರೆ.

ಮೊದಲು ಈ ಸಾರವೆಯನ್ನು ಕರಗುವ ಪ್ಲಾಸ್ಟಿಕ್ಕಿನಂಥ ವಸ್ತುವಿನಲ್ಲಿ ಮಾಡಿ ನೋಡಿದರು. 2002ರಲ್ಲಿ ಬಾಸ್ಟನ್ನಿನ ಸಂಶೋಧಕರು ಅದನ್ನು ಹಲ್ಲಿನ ಆಕಾರದಲ್ಲಿ ತಯಾರಿಸಿ, ಹಂದಿಮರಿಯ ಹಲ್ಲಿನ ಮೊಳಕೆಯ ಕೋಶಗಳನ್ನು ತುಂಬಿ, ಇಲಿಯ ಹೊಟ್ಟೆಯೊಳಗೆ ಇಟ್ಟರು. ತಿಂಗಳುಗಳ ಬಳಿಕ ಎನಾಮೆಲ್, ಡೆಂಟಿನ್ ಎರಡೂ ಇದ್ದ ಪುಟ್ಟ ಪುಟ್ಟ ಹಲ್ಲಿನ ತಲೆಗಳು ಮೂಡಿದ್ದವು. ಆದರೆ ಅವು ಕೊಟ್ಟ ಅಚ್ಚಿನ ಆಕಾರಕ್ಕೆ ಬರಲಿಲ್ಲ. ಹಾಗಾದರೆ ಹಲ್ಲನ್ನೇ ಹಲ್ಲಿಗೆ ಸಾರವೆ ಮಾಡಿದರೆ ಹೇಗೆ?

ಅದಕ್ಕೆ ದಾರಿ ಎರಡು. ಒಂದು, ಇನ್ನೂ ಹುಟ್ಟದ ಹಲ್ಲಿನ ಮೊಳಕೆ. ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹಂದಿಯ ಹಲ್ಲಿನ ಮೊಳಕೆಗಳನ್ನು ಮಾರ್ಜಕದ ದ್ರಾವಣಗಳಲ್ಲಿ ಮತ್ತೆ ಮತ್ತೆ ತೊಳೆದು, ಕೋಶಗಳನ್ನೆಲ್ಲ ಹೊರಹಾಕಿದರು. ಕೊಲಾಜೆನ್ ಮುಂತಾದ ಪ್ರೋಟೀನುಗಳ ಜಾಲ ಮಾತ್ರ ತನ್ನ ಜಾಗದಲ್ಲೇ ಉಳಿಯಿತು. ಆಮೇಲೆ ಅದರಲ್ಲಿ ಹೊಸ ಕೋಶಗಳನ್ನು ಬಿತ್ತಿದರು. ಹಳೆಯ ಕೋಶಗಳ ಡಿಎನ್‌ಎ ಉಳಿದರೆ ದೇಹ ಅದನ್ನು ಪರಕೀಯವೆಂದು ಎದುರಿಸೀತು. ಒಣ ತೂಕದ ಒಂದು ಮಿಲಿಗ್ರಾಮಿನಲ್ಲಿ 50 ನ್ಯಾನೋಗ್ರಾಮಿಗಿಂತ ಕಡಿಮೆ ಡಿಎನ್‌ಎ ಇರಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಳತೆ.

ಇನ್ನೊಂದು, ಬೆಳೆದ ಹಲ್ಲಿನ ಡೆಂಟಿನ್. ಅದರ ತೂಕದಲ್ಲಿ ಸುಮಾರು ಶೇ. 70 ಖನಿಜ, ಶೇ. 20 ಕೊಲಾಜೆನ್‌ನಂಥ ಸಾವಯವ ಅಂಶ, ಉಳಿದದ್ದು ನೀರು. ಹಲ್ಲು ಬೆಳೆಯುವಾಗ ಕೆಲಸ ಮಾಡಿದ ಬೆಳವಣಿಗೆಯ ಪ್ರೋಟೀನುಗಳು ಈ ಗಟ್ಟಿ ಖನಿಜದೊಳಗೆ ಹೂತುಹೋಗಿರುತ್ತವೆ. ಕಿತ್ತ ಹಲ್ಲಿನ ಹೊರಗಿನ ಪೊರೆಯನ್ನು ಹೆರೆದು, ಒಳಗಿನ ತಿರುಳು ತೆಗೆದು, ಇಡಿಟಿಎ ಎಂಬ ರಾಸಾಯನಿಕದಲ್ಲಿ ಕೆಲವು ನಿಮಿಷ ನೆನೆಸುತ್ತಾರೆ. ಅದು ಕ್ಯಾಲ್ಸಿಯಮ್ಮನ್ನು ಹಿಡಿದು ಎಳೆಯುತ್ತದೆ. ಡೆಂಟಿನ್ನಿನ ಸೂಕ್ಷ್ಮ ಕೊಳವೆಗಳ ಬಾಯಿ ತೆರೆದು, ಹೂತಿದ್ದ ಪ್ರೋಟೀನುಗಳು ಮೇಲೆ ಬರುತ್ತವೆ. ಕಡಿಮೆ ನೆನೆಸಿದರೆ ಕೊಳವೆ ತೆರೆಯದು, ಹೆಚ್ಚಾದರೆ ಹಲ್ಲು ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ.

ದೇಹದ ವಸ್ತುವನ್ನೇ ಸಾರವೆ ಮಾಡುವುದು ನಮ್ಮ ಹೈದರಾಬಾದಿಗೆ ಹೊಸತಲ್ಲ. ಬಂಜಾರಾ ಹಿಲ್ಸಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೈದ್ಯರು, ಸುಣ್ಣ ಅಥವಾ ಆ್ಯಸಿಡ್ ಬಿದ್ದು ಸುಟ್ಟ ಕಣ್ಣುಗಳಿಗೆ ಎರಡು ದಶಕಗಳಿಂದ ಆಕರಕೋಶ ಚಿಕಿತ್ಸೆ ಮಾಡುತ್ತಿದ್ದಾರೆ. ಅಲ್ಲಿ ಕೋಶಗಳಿಗೆ ಆಸರೆಯಾಗುವುದು ಹೆರಿಗೆಯಲ್ಲಿ ಮಗುವಿನ ಜೊತೆ ಹೊರಬರುವ ನೆತ್ತಿಚೀಲದ ತೆಳುಪೊರೆ. ಆದರೆ ಅಲ್ಲಿ ಬೆಳೆಯಬೇಕಾದದ್ದು ಕಣ್ಣಿನ ಮೇಲಿನ ಒಂದು ತೆಳು ಪದರ. ಹಲ್ಲಿಗೆ ಎನಾಮೆಲ್, ಡೆಂಟಿನ್, ಸಿಮೆಂಟಮ್, ತಿರುಳು ನಾಲ್ಕೂ ಬೇಕು, ರಕ್ತನಾಳ ಮತ್ತು ನರವೂ ಬೇಕು. ಎನಾಮೆಲ್ ಕಟ್ಟುವ ಕೋಶಗಳಂತೂ ಹಲ್ಲು ಹುಟ್ಟುವಷ್ಟರಲ್ಲಿ ಇಲ್ಲವಾಗಿರುತ್ತವೆ. ಹಾಗಾಗಿ ಪೂರ್ತಿ ಹಲ್ಲು ಇನ್ನೂ ಪ್ರಯೋಗಾಲಯದಲ್ಲೇ ಇದೆ.

ಆದರೂ ಈ ವಿಚಾರದ ಒಂದು ತುಣುಕು ಕ್ಲಿನಿಕ್ಕಿಗೆ ಬಂದಿದೆ. ಎಂಟು ವರ್ಷದ ಮಗು ಬಿದ್ದು ಮುಂದಿನ ಹಲ್ಲಿನ ತಿರುಳು ಸತ್ತಿತೆನ್ನಿ. ಬೇರು ಇನ್ನೂ ಪೂರ್ತಿ ಬೆಳೆದಿಲ್ಲ, ತುದಿ ತೆರೆದಿದೆ. ಆಗ ಒಳಗನ್ನು ಸೌಮ್ಯ ದ್ರಾವಣದಿಂದ ತೊಳೆದು, ಔಷಧಿಯಿಟ್ಟು ಸೋಂಕು ಹೋದ ಮೇಲೆ ಶೇ. 17ರ ಇಡಿಟಿಎ ಬಿಟ್ಟು, ಬೇರಿನ ತುದಿಯಿಂದ ತುಸು ರಕ್ತ ಒಳಗೆ ಬರುವಂತೆ ಮಾಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಮತ್ತು ಆ ಹಲ್ಲಿನ ಗೋಡೆಯೇ ಸಾರವೆ. ಎಷ್ಟೋ ಮಕ್ಕಳಲ್ಲಿ ಬೇರು ಮತ್ತೆ ಉದ್ದವಾಗಿ ದಪ್ಪಗಾಗುತ್ತದೆ. ಒಳಗೆ ಬೆಳೆಯುವುದು ನಿಜವಾದ ತಿರುಳಿಗಿಂತ ಹೆಚ್ಚಾಗಿ ಎಲುಬು, ಸಿಮೆಂಟಮ್ಮಿನಂಥ ಅಂಗಾಂಶ. ಆದರೂ ಹಲ್ಲು ಬಾಯಲ್ಲಿ ಉಳಿಯುತ್ತದೆ.

ಇನ್ನು ಬ್ಯಾಂಕಿನ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಆಕರಕೋಶ ಮಾರ್ಗಸೂಚಿ ಹೊಕ್ಕುಳಬಳ್ಳಿಯ ರಕ್ತವನ್ನು ಬ್ಯಾಂಕಿನಲ್ಲಿಡಲು ಮಾತ್ರ ಒಪ್ಪಿದೆ. ಹಲ್ಲಿನ ತಿರುಳೂ ಸೇರಿ ಬೇರೆ ಯಾವುದಕ್ಕೂ ಅನುಮತಿ ಕೊಟ್ಟಿಲ್ಲ. ಅದಕ್ಕೇ ನನ್ನ ಹುಡುಗರಿಗೆ ಹೇಳುತ್ತೇನೆ: ಕೋಚಿಂಗ್ ಫೀಸಿಗೆಂದು ಅಪ್ಪ ಕಳಿಸಿದ ದುಡ್ಡನ್ನು ಇದಕ್ಕೆ ಸುರಿಯಬೇಡಿ, ಇರುವ ಹಲ್ಲಿನ ಹುಳುಕನ್ನು ಬೇಗ ತುಂಬಿಸಿಕೊಳ್ಳಿ. ಯಾರಾದರೂ ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ವೈದ್ಯರಲ್ಲಿಗೆ ತನ್ನಿ. ಬೇರಿಗೆ ಅಂಟಿದ ಕೋಶಗಳು ಆಗಿನ್ನೂ ಬದುಕಿರುತ್ತವೆ, ಹಲ್ಲನ್ನು ಅದರ ಜಾಗದಲ್ಲೇ ಮತ್ತೆ ಕೂರಿಸಬಹುದು.